ಮೇಜಿನ ಮೇಲೊಂದು ಬೆಟ್ಟ, ಕಿಟಕಿಯಾಚೆ ಒಂದು ಬಂಡೆ

ತೆಲುಗಿನಲ್ಲಿ 'ಕೊಂಡ' ಎಂದರೆ ಬೆಟ್ಟ. ಹಾಗಾಗಿ ಕೊಂಡಾಪುರ ಎಂದರೆ ಬೆಟ್ಟದೂರು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಕೆಲಸಕ್ಕೆಂದು ಇಲ್ಲಿ ಬಂದಿಳಿದ ನಮ್ಮವರಿಗೆ ಈ ಹೆಸರಿನ ಅರ್ಥ ಹೊಳೆಯುವುದು ಸ್ವಲ್ಪ ತಡವಾಗಿ. ಮೊದಲು ಕಣ್ಣಿಗೆ ಬೀಳುವುದು ಅಪಾರ್ಟ್‌ಮೆಂಟು, ಮೇಲ್ಸೇತುವೆ, ಬಿರಿಯಾನಿ ಹೋಟೆಲು. ಆಮೇಲೊಂದು ದಿನ ಎರಡು ಕಟ್ಟಡಗಳ ಸಂದಿಯಲ್ಲಿ ಮನೆಯಷ್ಟು ದೊಡ್ಡದೊಂದು ಗುಂಡು, ಅದರ ತಲೆಯ ಮೇಲೆ ಇನ್ನೇನು ಉರುಳಿತು ಎನ್ನುವಂತೆ ಕೂತ ಇನ್ನೊಂದು ಗುಂಡು ಕಾಣುತ್ತದೆ. ಹಂಪಿ, ಆನೆಗುಂದಿ, ರಾಮನಗರ ನೋಡಿದವರಿಗೆ ಆ ಕ್ಷಣ ಊರು ನೆನಪಾಗದೆ ಇರದು. ಮರುವರ್ಷ ಅದೇ ದಾರಿಯಲ್ಲಿ ಹೋದರೆ ಅಲ್ಲಿ ತಗಡಿನ ಬೇಲಿ, ಒಳಗೆ ಕಂಪ್ರೆಸರ್ ಸದ್ದು.

(ಒಂದು ಮಾತು. ಸಂಗಾರೆಡ್ಡಿ ಕಡೆ ಇನ್ನೊಂದು ಕೊಂಡಾಪುರವಿದೆ. ಶಾತವಾಹನರ ಕಾಲದ ನೆಲೆ ಸಿಕ್ಕಿದ್ದು, ವಸ್ತುಸಂಗ್ರಹಾಲಯ ಇರುವುದು ಅಲ್ಲಿ. ನಮ್ಮದು ಹೈಟೆಕ್ ಸಿಟಿಯ ಮಗ್ಗುಲಿನ ಕೊಂಡಾಪುರ.)

ಈ ಕಲ್ಲುಗಳ ನಡುವೆ ಕೂತು ಚೀನಾದ ಕಲ್ಲುಗಳ ಬಗ್ಗೆ ಬರೆಯಲು ಕಾರಣವಿದೆ. ಕೆತ್ತದ, ಒಡೆಯದ, ಯಾವ ಉಪಯೋಗಕ್ಕೂ ಬಾರದ ಕಲ್ಲನ್ನು ಸುಮ್ಮನೆ ನೋಡುವುದಕ್ಕಾಗಿಯೇ ಮನೆಗೆ ತಂದು, ಪೀಠ ಮಾಡಿಸಿ, ಮೇಜಿನ ಮೇಲಿಟ್ಟು, ಮಕ್ಕಳು ಮೊಮ್ಮಕ್ಕಳಿಗೆ ಬಿಟ್ಟುಹೋಗುವ ರೂಢಿ ಚೀನಾದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಅಂಥ ಕಲ್ಲಿಗೆ ಅಲ್ಲಿ 'ಗೊಂಗ್‌ಶಿ' ಎನ್ನುತ್ತಾರೆ. ಅರ್ಪಣೆಯ ಕಲ್ಲು ಎಂದು ಸ್ಥೂಲವಾಗಿ ಅರ್ಥ ಮಾಡಿಕೊಳ್ಳಬಹುದು. ಜಪಾನಿನಲ್ಲಿ ಇದೇ ಹವ್ಯಾಸ 'ಸುಯಿಸೆಕಿ', ಕೊರಿಯಾದಲ್ಲಿ 'ಸುಸೋಕ್'. ಬೋನ್ಸಾಯ್ ಬೆಳೆಸುವವರಿಗೆ ಈ ಹೆಸರುಗಳು ಹೊಸವಲ್ಲ.

ಚೀನೀಯರ ಒಲವು ಮುಖ್ಯವಾಗಿ ಸುಣ್ಣದ ಕಲ್ಲಿನ ಕಡೆಗೆ. ಸುಣ್ಣದ ಕಲ್ಲು ನೀರಿಗೆ ನಿಧಾನವಾಗಿ ಕರಗುತ್ತದೆ. ಸಾವಿರಾರು ವರ್ಷ ನೀರು ಹರಿದರೆ ತೂತು, ಸುರಂಗ, ಮಡಿಕೆ, ಮೊನೆ ಎಲ್ಲ ಮೂಡುತ್ತವೆ. ಜಿಯಾಂಗ್ಸು ಪ್ರಾಂತ್ಯದ ತಾಯ್‌ಹು ಸರೋವರದ ಕಲ್ಲು, ಆನ್‌ಹುಯಿಯ ಲಿಂಗ್‌ಬಿ ಕಲ್ಲು, ಗ್ವಾಂಗ್‌ಡಾಂಗ್‌ನ ಯಿಂಗ್ ಕಲ್ಲು, ಕುನ್‌ಶಾನ್‌ನ ಬಿಳಿ ಕಲ್ಲು, ಈ ನಾಲ್ಕು ಬಹಳ ಹೆಸರಾದವು. ಕವಿ ಬಾಯ್ ಜುಯಿ 843ರಲ್ಲೇ ತಾಯ್‌ಹು ಕಲ್ಲುಗಳ ಮೇಲೊಂದು ಪ್ರಬಂಧ ಬರೆದಿದ್ದ. ಹನ್ನೆರಡನೆಯ ಶತಮಾನದಲ್ಲಿ ಡು ವಾನ್ ಎಂಬವನು ನೂರಕ್ಕೂ ಹೆಚ್ಚು ಬಗೆಯ ಕಲ್ಲುಗಳಿಗೆ ಒಂದು ಪಟ್ಟಿ ಮಾಡಿದ: ಎಲ್ಲಿ ಸಿಗುತ್ತದೆ, ಬಣ್ಣ ಯಾವುದು, ತಟ್ಟಿದರೆ ಎಂಥ ಸದ್ದು ಎಂಬ ವಿವರಗಳ ಸಮೇತ.

ಒಳ್ಳೆಯ ಕಲ್ಲನ್ನು ಅಳೆಯಲು ಅವರದು ನಾಲ್ಕು ಮಾತು. ಶೋ, ಅಂದರೆ ತೆಳ್ಳಗೆ ನೀಳವಾಗಿರಬೇಕು. ತೋ, ಆಚೆಯಿಂದ ಈಚೆಗೆ ಬೆಳಕು ಹಾಯುವ ತೂತಿರಬೇಕು. ಲೋ, ಮೇಲೆ ಸುರಿದ ನೀರು ಒಳದಾರಿಗಳಲ್ಲಿ ಇಳಿದು ಕೆಳಗೆ ಬರಬೇಕು. ಝೋ, ಮೈಯೆಲ್ಲ ಸುಕ್ಕಾಗಿರಬೇಕು. ಶಾಂಘಾಯಿಯ ಯು ಉದ್ಯಾನದಲ್ಲಿ 3 ಮೀಟರಿಗೂ ಎತ್ತರದ ಒಂದು ಕಲ್ಲಿದೆ, ಹೆಸರು ಯು ಲಿಂಗ್‌ಲಾಂಗ್. ಬುಡದಲ್ಲಿ ಊದುಬತ್ತಿ ಹಚ್ಚಿದರೆ ಎಲ್ಲ ತೂತುಗಳಿಂದಲೂ ಹೊಗೆ ಬರುತ್ತದೆ, ನೆತ್ತಿಯ ಮೇಲೆ ನೀರು ಹೊಯ್ದರೆ ಎಲ್ಲ ಕಡೆಯಿಂದಲೂ ಇಳಿಯುತ್ತದೆ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ನಾವು 'ದೂರದ ಬೆಟ್ಟ ನುಣ್ಣಗೆ' ಎಂದು ಮೂಗು ಮುರಿದುಕೊಂಡು ಸುಮ್ಮನಾದೆವು. ಅವರು ಹತ್ತಿರದ ಸುಕ್ಕುಗಳಲ್ಲೇ ಇಡೀ ಬೆಟ್ಟ ಹುಡುಕಿದರು.

ಈ ನಾಲ್ಕು ಮಾತುಗಳನ್ನು ಪರಂಪರೆ ಮಿ ಫು ಎಂಬವನ ಹೆಸರಿಗೆ ಹಚ್ಚುತ್ತದೆ. 1051ರಿಂದ 1107ರವರೆಗೆ ಬದುಕಿದ್ದ ಈತ ಚಿತ್ರಕಾರ, ಲಿಪಿಕಾರ, ಸರಕಾರಿ ಅಧಿಕಾರಿ. ಹೊಸ ಊರಿಗೆ ವರ್ಗವಾಗಿ ಹೋದಾಗ ಕಚೇರಿಯ ಅಂಗಳದಲ್ಲಿ ದೊಡ್ಡದೊಂದು ವಿಚಿತ್ರ ಕಲ್ಲು ಕಂಡಿತಂತೆ. ದರ್ಬಾರಿನ ಉಡುಪು ಹಾಕಿಕೊಂಡು ಬಂದು ಅದಕ್ಕೆ ಅಡ್ಡಬಿದ್ದು 'ಅಣ್ಣಾ' ಎಂದನಂತೆ. ಮೇಲಧಿಕಾರಿಗಳಿಗೆ ದೂರು ಹೋಯಿತು ಎಂಬಲ್ಲಿಗೆ ಕಥೆ ನಿಲ್ಲುತ್ತದೆ. ಚೀನೀ ಚಿತ್ರಕಾರರು ಈ ಪ್ರಸಂಗವನ್ನು ಮತ್ತೆ ಮತ್ತೆ ಬರೆದಿದ್ದಾರೆ.

ಕಲ್ಲಿಗೆ ಅಡ್ಡಬೀಳುವುದರಲ್ಲಿ ಏನು ವಿಶೇಷ ಎಂದು ನೀವು ಕೇಳುವಿರಿ. ನಿಜ, ನಮಗೆ ಅದು ದಿನನಿತ್ಯದ ಮಾತು. ನಮ್ಮ ಮನೆಗಳ ದೇವರ ಪೀಠದಲ್ಲಿ ಇರುವುದು ಕೆತ್ತಿದ ವಿಗ್ರಹ ಮಾತ್ರವೇ ಅಲ್ಲ. ಪಂಚಾಯತನ ಪೂಜೆ ಇರುವ ಮನೆಗಳಲ್ಲಿ ಐದೂ ಕಲ್ಲೇ: ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಭದ್ರೆಯ ಕೆಂಪು ಕಲ್ಲು, ದೇವಿಗೆ ಸ್ವರ್ಣಮುಖಿಯ ಕಲ್ಲು, ಸೂರ್ಯನಿಗೆ ಸ್ಫಟಿಕ. ಇವುಗಳಿಗೆ ಕಣ್ಣು ಮೂಗು ಬಿಡಿಸಿದವರಿಲ್ಲ. ಹೊಳೆ ಹೇಗೆ ಕೊಟ್ಟಿತೋ ಹಾಗೆ. ಮಾಧ್ವರ ಮನೆಗಳಲ್ಲಿ ಸಾಲಿಗ್ರಾಮಗಳನ್ನು ಸಂಪುಷ್ಟದಲ್ಲಿಟ್ಟು, ಊರು ಬಿಟ್ಟು ಊರಿಗೆ ಹೋದರೂ ಜತೆಗೇ ಒಯ್ಯುತ್ತಾರೆ. ವಲಸೆ ಬಂದ ಕುಟುಂಬದ ಲಗೇಜಿನಲ್ಲಿ ಮೊದಲು ಇಳಿಯುವುದೂ ಅದೇ.

ಸಾಲಿಗ್ರಾಮದ ಒಡಲಿನ ಕಥೆ ಗೊತ್ತಾದರೆ ಭಕ್ತಿಯೇನೂ ಕಡಿಮೆಯಾಗದು. ನೇಪಾಳದ ಕಾಳಿಗಂಡಕಿಯ ಕಪ್ಪು ಜೇಡಿಶಿಲೆಯಲ್ಲಿ ಸಿಗುವ ಈ ಗುಂಡುಗಳೊಳಗಿನ 'ಚಕ್ರ' ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪು. ಜುರಾಸಿಕ್ ಕಾಲದಲ್ಲಿ, ಹಿಮಾಲಯ ಹುಟ್ಟುವುದಕ್ಕೂ ಬಹಳ ಮೊದಲು, ಅಲ್ಲಿ ಸಮುದ್ರವಿತ್ತು. ಸಮುದ್ರದ ತಳ ಎದ್ದು ಬೆಟ್ಟವಾಯಿತು, ಹೊಳೆ ಬೆಟ್ಟವನ್ನು ಕೊರೆಯಿತು, ಚಿಪ್ಪು ಅಜ್ಜಿಯ ಸಂಪುಷ್ಟಕ್ಕೆ ಬಂತು.

ಚೀನೀಯರಿಗೂ ನಮಗೂ ವ್ಯತ್ಯಾಸ ಇರುವುದು ನೋಡುವ ರೀತಿಯಲ್ಲಿ. ನಾವು ಕಲ್ಲಿನಲ್ಲಿ ದೇವರನ್ನು ಕಂಡ ಮೇಲೆ ಕಲ್ಲನ್ನು ನೋಡುವುದು ಬಿಟ್ಟೆವು. ಅದರ ಬಣ್ಣ, ಮಡಿಕೆ, ತೂಕ, ತಂಪು ನಮ್ಮ ಮಾತಿಗೆ ಬರುವುದಿಲ್ಲ. ಲಕ್ಷಣ ನೋಡುವುದಿದ್ದರೂ ಅದು ಯಾವ ಮೂರ್ತಿ, ಏನು ಫಲ ಎಂದು ತಿಳಿಯುವುದಕ್ಕೆ. ದೇವರಿಲ್ಲದ ಕಲ್ಲಾದರೆ ಜಲ್ಲಿ, ಸೈಜುಗಲ್ಲು, ಚಪ್ಪಡಿ. ಇವೆರಡರ ನಡುವೆ, ಪೂಜೆಯೂ ಅಲ್ಲದ, ಬಳಕೆಯೂ ಅಲ್ಲದ ಒಂದು ಜಾಗ ಇದೆ. ಆ ಜಾಗಕ್ಕೆ ನಮ್ಮಲ್ಲಿ ಹೆಸರಿಲ್ಲ. ಹೈದರಾಬಾದಿನ ಬಂಡೆಗಳು ಹೋಗುತ್ತಿರುವುದು ಅದರಿಂದಲೇ ಎಂದು ನನಗೆ ಅನ್ನಿಸುತ್ತದೆ. ಗುಡಿಯೋ ದರ್ಗಾವೋ ಇರುವ ಗುಡ್ಡ ಹೇಗೋ ಉಳಿದುಕೊಳ್ಳುತ್ತದೆ, ಏನೂ ಇಲ್ಲದ ಗುಡ್ಡದ ಪರವಾಗಿ ಮಾತಾಡಲು ಯಾರಿಗೂ ಮಾತು ಸಿಗುವುದಿಲ್ಲ.

ಕಲ್ಲಿನ ಮೈ ಹದಗೊಳ್ಳುವ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಜಪಾನೀಯರು ಒಂದು ಕಲ್ಲನ್ನು ಅಂಗಳದಲ್ಲಿಟ್ಟು ವರ್ಷಗಟ್ಟಲೆ ನೀರೆರೆಯುತ್ತಾರೆ, ಬಿಸಿಲಿಗೆ ಒಡ್ಡುತ್ತಾರೆ, ಕೈಯಿಂದ ಸವರುತ್ತಾರೆ. ಹೀಗೆ ಕಲ್ಲನ್ನು ಸಾಕುವುದಕ್ಕೆ 'ಯೋಸೆಕಿ' ಎಂದೇ ಹೆಸರು. ಮೂರು ತಲೆಮಾರಿನ ಅಭಿಷೇಕ ಕಂಡ ಬಾಣಲಿಂಗದ ಮೇಲಿನ ಹೊಳಪು ಇನ್ನೇನು? ಅಜ್ಜ, ಅಪ್ಪ, ಮಗ, ಮೂವರ ಬೆರಳೂ ಅದರಲ್ಲಿವೆ.

ಅಸಲಿ ನಕಲಿಯ ತಕರಾರೂ ಒಂದೇ. ಓಂಕಾರೇಶ್ವರದ ಹತ್ತಿರದ ಬಕಾವಾಂ ಎಂಬ ಹಳ್ಳಿಯಲ್ಲಿ ನರ್ಮದೆಯ ಕಲ್ಲನ್ನು ಯಂತ್ರಕ್ಕೆ ಕೊಟ್ಟು ಲಿಂಗ ಮಾಡುವ ಮನೆಗಳು ಸಾಲಾಗಿವೆ. ಹೊಳೆ ತಾನೇ ಉರುಳಿಸಿ ಕೊಟ್ಟದ್ದು ಈಗ ಅಪರೂಪ. ತಾಯ್‌ಹು ಕಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಕಸುಬುದಾರರು ಕಲ್ಲಿಗೆ ತೂತು ಕೊರೆದು, ಉಳಿಯ ಗುರುತು ಅಳಿಯಲೆಂದು ಮತ್ತೆ ಸರೋವರದಲ್ಲಿ ಮುಳುಗಿಸಿಡುತ್ತಿದ್ದರು. ಅಲೆ ಬಡಿದು ಬಡಿದು ಅದು ಸಹಜ ಕಲ್ಲಾದ ಮೇಲೆ ಎತ್ತಿ ಮಾರುವುದು. ಇದು ಮೋಸವೋ ಕಲೆಯೋ? ಅಷ್ಟು ವರ್ಷ ಕಾಯುವವನನ್ನು ಮೋಸಗಾರ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಲಿಂಗ್‌ಬಿ ಕಲ್ಲಿನ ಇನ್ನೊಂದು ಗುಣ ಸದ್ದು. ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ. ಇದನ್ನು ಓದಿ ಬೆರಗಾಗುವ ಮೊದಲು ಬಳ್ಳಾರಿಗೆ ಹೋಗಿಬರಬೇಕು. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಕಪ್ಪು ಡಾಲರೈಟ್ ಬಂಡೆಗಳಿವೆ. ಇನ್ನೊಂದು ಕಲ್ಲಿನಿಂದ ಹೊಡೆದರೆ ಲೋಹದ ದನಿ ಬರುತ್ತದೆ. ಬಂಡೆಗಳ ಮೇಲೆ ಡುಬ್ಬದ ಗೂಳಿಗಳ, ಮನುಷ್ಯರ ಕುಟ್ಟುಚಿತ್ರಗಳು. ಅದೇ ಜಾಗದಲ್ಲಿ ಹೊಡೆದು ಹೊಡೆದು ಬಿದ್ದ ನುಣುಪಾದ ಕುಳಿಗಳು. ಅಂದರೆ ನವಶಿಲಾಯುಗದ ನಮ್ಮವರು ಈ ಕಲ್ಲುಗಳನ್ನು ಬಾರಿಸುತ್ತಿದ್ದರು ಎಂಬುದು ಪುರಾತತ್ವ ಶಾಸ್ತ್ರಜ್ಞರ ಊಹೆ. 1892ರಲ್ಲಿ ಮೊದಲು ಬರಹಕ್ಕೆ ಬಂದ ಈ ಜಾಗ ನಡುವೆ ಮರೆತೇ ಹೋಗಿತ್ತು. 2004ರಲ್ಲಿ ನಿಕೋಲ್ ಬೊಯ್ವಿನ್ ಇದರ ಮೇಲೆ ಬರೆದಾಗ ಸುದ್ದಿಯಾಯಿತು. ಆ ಹೊತ್ತಿಗೆ ಕಲ್ಲುಗಣಿ ಗುಡ್ಡವನ್ನು ತಿನ್ನಲು ಶುರುಮಾಡಿತ್ತು. ಹಂಪಿಯ ವಿಠ್ಠಲ ಗುಡಿಯ ಸಂಗೀತದ ಕಂಬ ಎಲ್ಲರಿಗೂ ಗೊತ್ತು. ಅದು ಶಿಲ್ಪಿ ಕೆತ್ತಿ ನುಡಿಸಿದ್ದು. ಅದಕ್ಕೂ ಸಾವಿರಾರು ವರ್ಷ ಮೊದಲು, ಅಲ್ಲಿಂದ ಬಹಳ ದೂರವೇನೂ ಅಲ್ಲದ ಗುಡ್ಡದಲ್ಲಿ, ತಾನೇ ನುಡಿಯುವ ಕಲ್ಲನ್ನು ಯಾರೋ ಕಂಡುಕೊಂಡಿದ್ದರು.

ಚೀನಾದ ನಾಲ್ಕು ಮಾತುಗಳಿಗೆ ತಕ್ಕ ಕಲ್ಲು ಕರ್ನಾಟಕದಲ್ಲಿದೆಯೇ ಎಂದರೆ ಇದೆ, ಆದರೆ ಮೇಜಿನ ಮೇಲೆ ಹಿಡಿಯದು. ಉತ್ತರ ಕನ್ನಡದ ಯಾಣ. 'ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ' ಎಂದು ಗಾದೆ. ಕಾಡಿನ ನಡುವೆ ಕಪ್ಪಗೆ ನಿಂತ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಪಕ್ಕದ ಮೋಹಿನಿ ಶಿಖರ ಸುಮಾರು 90. ಎರಡೂ ಸುಣ್ಣದ ಕಲ್ಲೇ. ತೆಳ್ಳಗೆ, ಮೊನಚಾಗಿ, ಮೈಯೆಲ್ಲ ಸುಕ್ಕು, ಒಳಗೆ ಗವಿ, ಗವಿಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ನೀರು. ಶೋ, ತೋ, ಲೋ, ಝೋ ನಾಲ್ಕೂ ಇವೆ. ಮಿ ಫು ಯಾಣ ಕಂಡಿದ್ದರೆ ಕೆಲಸಕ್ಕೆ ವಾಪಸು ಹೋಗುತ್ತಿರಲಿಲ್ಲ.

ಕಲ್ಲಿನ ಮೋಹಕ್ಕೆ ಕೆಟ್ಟ ಮುಖವೂ ಇದೆ. ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗ್ ಒಳ್ಳೆಯ ಚಿತ್ರಕಾರ, ಕೆಟ್ಟ ದೊರೆ. ರಾಜಧಾನಿ ಕೈಫೆಂಗ್‌ನಲ್ಲಿ ಗೆನ್ಯೂ ಎಂಬ ಕೃತಕ ಬೆಟ್ಟದ ಉದ್ಯಾನ ಕಟ್ಟಲು 1117ರಲ್ಲಿ ಶುರುಮಾಡಿದ. ದಕ್ಷಿಣದಿಂದ ಕಲ್ಲುಗಳನ್ನೂ ಅಪರೂಪದ ಗಿಡಗಳನ್ನೂ ತರಿಸಲು ದೋಣಿಗಳ ಸಾಲೇ ಹೊರಟಿತು. ಯಾರ ಮನೆಯ ಹಿತ್ತಿಲಲ್ಲಿ ಚೆಂದದ ಕಲ್ಲಿದ್ದರೂ ಅಧಿಕಾರಿಗಳು ಬಂದು ಅರಸನ ಮುದ್ರೆ ಹಚ್ಚುವರು, ಗೋಡೆ ಒಡೆದು ಒಯ್ಯುವರು. ಕಲ್ಲು ದೊಡ್ಡದಾದರೆ ದಾರಿಯಲ್ಲಿನ ಸೇತುವೆಯನ್ನೇ ಕೀಳುವರು. ಧಾನ್ಯ ಸಾಗಿಸಬೇಕಾದ ಕಾಲುವೆಯಲ್ಲಿ ಕಲ್ಲು ಸಾಗಿತು. 1120ರಲ್ಲಿ ಫಾಂಗ್ ಲಾ ಎಂಬವನ ಮುಂದಾಳ್ತನದಲ್ಲಿ ದಂಗೆ ಎದ್ದಾಗ ಈ ಕಲ್ಲಿನ ಸುಲಿಗೆಯೂ ಜನರ ಸಿಟ್ಟಿನ ಒಂದು ಕಾರಣ. ಉದ್ಯಾನ 1122ಕ್ಕೆ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಉತ್ತರದ ಜುರ್ಚೆನ್ ಸೈನ್ಯ ಬಂತು. ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ನಗರದವರು ಆ ಕಲ್ಲುಗಳನ್ನೇ ಒಡೆದು ಕವಣೆಯಂತ್ರಗಳಿಗೆ ತುಂಬಿ ಶತ್ರುವಿನ ಮೇಲೆ ಎಸೆದರು. ಆದರೂ ನಗರ ಬಿತ್ತು, ಚಕ್ರವರ್ತಿ ಸೆರೆಯಾದ. ಚೆಲುವಿನ ಕಲ್ಲು ಕೊನೆಗೂ ಒಂದು ಉಪಯೋಗಕ್ಕೆ ಬಂದದ್ದು ಹೀಗೆ.

ಅದಕ್ಕೆ ತೀರ ವಿರುದ್ಧವಾದ ಉದಾಹರಣೆ ನಮ್ಮ ದೇಶದ್ದೇ ಇದೆ. ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಕೆಲಸ ಮುಗಿದ ಮೇಲೆ ಸೈಕಲ್ ಹತ್ತಿ ಶಿವಾಲಿಕ್ ತಪ್ಪಲಿನ ಹಳ್ಳಗಳಿಗೆ ಹೋಗಿ, ಹಕ್ಕಿಯಂತೆ, ಪ್ರಾಣಿಯಂತೆ, ಮನುಷ್ಯರಂತೆ ಕಾಣುವ ಕಲ್ಲುಗಳನ್ನು ಹೆಕ್ಕಿ ತರುತ್ತಿದ್ದರು. ವರ್ಷಗಟ್ಟಲೆ ಯಾರಿಗೂ ಹೇಳದೆ ಸರಕಾರಿ ಕಾಡಿನ ಜಾಗದಲ್ಲಿ ಜೋಡಿಸಿದರು. ಗುಟ್ಟು ರಟ್ಟಾದಾಗ ಅದನ್ನು ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ನಡೆದು, 1976ರಲ್ಲಿ ರಾಕ್ ಗಾರ್ಡನ್ ಸಾರ್ವಜನಿಕರಿಗೆ ತೆರೆಯಿತು. ಒಡೆದ ಬಳೆ, ಪಿಂಗಾಣಿ ಚೂರಿನ ಬೊಂಬೆಗಳಿಗಾಗಿ ಜಗತ್ತು ಅವರನ್ನು ನೆನೆಯುತ್ತದೆ. ಆದರೆ ಶುರುವಾದದ್ದು ಸಹಜ ಕಲ್ಲುಗಳಿಂದ. ಗೊಂಗ್‌ಶಿ ಎಂಬ ಹೆಸರು ಹಚ್ಚದಿದ್ದರೂ ಅವರು ಮಾಡಿದ್ದು ಅದನ್ನೇ.

ಹೈದರಾಬಾದಿನ ಕಲ್ಲು

ಈಗ ಕೊಂಡಾಪುರಕ್ಕೆ ಬರೋಣ. ಚೀನೀ ಅಳತೆಗೋಲು ಹಿಡಿದರೆ ಇಲ್ಲಿನ ಬಂಡೆಗಳು ಪೂರ್ತಿ ನಪಾಸು. ಇದು ಗ್ರಾನೈಟ್, ನೀರಿಗೆ ಸುಣ್ಣದ ಕಲ್ಲಿನ ಹಾಗೆ ಕರಗದು. ತೂತಿಲ್ಲ, ಸುರಂಗವಿಲ್ಲ, ತೆಳುವಂತೂ ಅಲ್ಲವೇ ಅಲ್ಲ. ಗುಂಡಗೆ, ದಪ್ಪಗೆ, ಆನೆಯ ಬೆನ್ನಿನಂತೆ ಬೋಳು. ಇದರ ಚೆಲುವು ಬೇರೆ ಬಗೆಯದು, ಅದು ಕಾಣಬೇಕಾದರೆ ಕಲ್ಲು ಹೀಗೇಕಾಯಿತು ಎಂದು ತಿಳಿದಿರಬೇಕು.

ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ತಣ್ಣಗಾಗಿ ಗಟ್ಟಿಯಾಯಿತು. ಮೇಲಿನ ಪದರಗಳು ಸವೆದುಹೋದಂತೆ ಭಾರ ಇಳಿದು, ಗಟ್ಟಿ ಶಿಲೆ ಉದ್ದಕ್ಕೂ ಅಡ್ಡಕ್ಕೂ ಸೀಳಿತು. ಆ ಸೀಳುಗಳಿಗೆ ನೀರು ಇಳಿಯಿತು. ಗ್ರಾನೈಟಿನ ಫೆಲ್ಡ್‌ಸ್ಪಾರ್ ನೀರಿನ ಸಹವಾಸದಲ್ಲಿ ಜೇಡಿಯಾಗುತ್ತದೆ. ಚೌಕದ ಕಲ್ಲಿನ ಮೂಲೆಗಳಿಗೆ ಮೂರು ಕಡೆಯಿಂದ ನೀರಿನ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕರಗಿ ಚೌಕ ಗುಂಡಾಗುತ್ತದೆ, ಈರುಳ್ಳಿಯ ಹಾಗೆ ಪದರ ಪದರ ಕಳಚುತ್ತದೆ. ಮಣ್ಣನ್ನು ಮಳೆ ತೊಳೆದೊಯ್ದ ಮೇಲೆ ಉಳಿದದ್ದು ಒಂದರ ಮೇಲೊಂದು ಕೂತ ಗುಂಡುಗಳು. ಯಾರೋ ಎತ್ತಿಟ್ಟಂತೆ ಕಾಣುತ್ತದೆ, ಎತ್ತಿಟ್ಟದ್ದಲ್ಲ. ಅವು ಹುಟ್ಟಿದಾಗಿನಿಂದ ಅಲ್ಲೇ ಇವೆ, ನಡುವಿನದ್ದು ಹೋಗಿದೆ ಅಷ್ಟೆ. ಹಂಪಿಯಿಂದ ರಾಮನಗರದವರೆಗೆ ನಮ್ಮ ನಾಡನ್ನು ಸೀಳಿಕೊಂಡು ಹೋಗುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸೂ ಹೆಚ್ಚುಕಡಿಮೆ ಇಷ್ಟೇ. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಲಾಲ್‌ಬಾಗಿನ ಬಂಡೆ ಇವೆಲ್ಲಕ್ಕಿಂತ ಹಿರಿಯ, 300 ಕೋಟಿ ವರ್ಷದ ಮುದುಕ.

ಹೀಗೆ ಕೂತ ಗುಂಡನ್ನು ಮನೆಗೆ ತರಲಾಗದು. ತೂಕದ ಮಾತಲ್ಲ, ಕ್ರೇನಿನಿಂದ ಎತ್ತಿ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಸಿಮೆಂಟು ಹಾಕಿ ಕೂರಿಸಿದವರೂ ಇದ್ದಾರೆ. ಆದರೆ ಎತ್ತಿದ ಕ್ಷಣ ಅದರ ಅರ್ಥ ಹೋಯಿತು. ತಾಯ್‌ಹು ಕಲ್ಲಿನ ಚೆಲುವು ಅದರ ಮೈಯೊಳಗಿದೆ, ಎಲ್ಲಿಗೆ ಒಯ್ದರೂ ಜತೆಗೆ ಬರುತ್ತದೆ. ಹೈದರಾಬಾದಿನ ಕಲ್ಲಿನ ಚೆಲುವು ಅದು ಕೂತ ಜಾಗದಲ್ಲಿದೆ, ಅಡಿಯ ಕಲ್ಲಿನ ಜತೆಗಿನ ಆ ಒಂದು ಅಂಗೈಯಗಲದ ಸಂಬಂಧದಲ್ಲಿದೆ. ಸಿಡಿಮದ್ದು ಇಟ್ಟು ಒಡೆದ ಚೂರನ್ನು ತಂದರೂ ಪ್ರಯೋಜನವಿಲ್ಲ. ಹೊಸ ಸೀಳಿನ ಮುಖ ಸಕ್ಕರೆ ಗಡ್ಡೆಯಂತೆ ಹೊಳೆಯುತ್ತದೆ, ಮೇಲೆ ಕಾಲದ ಪೊರೆಯಿಲ್ಲ, ಕಲ್ಲುಹೂವಿನ ಕಲೆಯಿಲ್ಲ. ಅದು ಜಲ್ಲಿಯೇ.

ಇದನ್ನು ಕಂಡವರು 1996ರಲ್ಲಿ 'ಸೊಸೈಟಿ ಟು ಸೇವ್ ರಾಕ್ಸ್' ಎಂಬ ಸಂಘ ಕಟ್ಟಿದರು. ಸೈಬರ್ ಟವರ್ಸ್ ಉದ್ಘಾಟನೆಯಾದದ್ದು 1998ರಲ್ಲಿ. ಅಂದರೆ ಮುಂದಿನದು ಅವರಿಗೆ ಮೊದಲೇ ಕಂಡಿತ್ತು. ಜರ್ಮನಿಯಿಂದ ಬಂದು ಇಲ್ಲಿಯವರೇ ಆದ ಫ್ರೌಕೆ ಕ್ವಾಡರ್, ಐಎಎಸ್ ಅಧಿಕಾರಿಯೂ ಹೈದರಾಬಾದಿನ ಇತಿಹಾಸಕಾರರೂ ಆಗಿದ್ದ ನರೇಂದ್ರ ಲೂಥರ್ ಇದರ ಮುಂಚೂಣಿಯಲ್ಲಿದ್ದವರು. ಲೂಥರ್ ಅವರು ಬಂಜಾರಾ ಹಿಲ್ಸ್‌ನಲ್ಲಿ ಮನೆ ಕಟ್ಟಿಸಿದಾಗ ಬಂಡೆಯನ್ನು ಒಡೆಸದೆ, ಅದನ್ನು ಒಳಗಿಟ್ಟುಕೊಂಡೇ ಗೋಡೆ ಎಬ್ಬಿಸಿದರು. ಬಂಡೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದರು. ಕಲ್ಲಿಗೆ ಪೀಠ ಮಾಡಿಸುವುದು ಚೀನೀ ರೂಢಿ. ಇವರು ಕಲ್ಲಿಗೆ ಮನೆಯನ್ನೇ ಹೊದಿಸಿದರು.

ಸಂಘದ ಒತ್ತಾಯದಿಂದ ನಗರಾಭಿವೃದ್ಧಿ ಪ್ರಾಧಿಕಾರ 9 ಕಡೆಯ ಬಂಡೆಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತ್ತು. ಕಟ್ಟಡಗಳ ಪಟ್ಟಿಯಲ್ಲಿ ಕಲ್ಲಿಗೂ ಜಾಗ ಸಿಕ್ಕಿದ್ದು ದೇಶದಲ್ಲೇ ಅಪರೂಪ. ಅವುಗಳ ಹೆಸರೇ ಸೊಗಸು. ಶಿಲ್ಪಾರಾಮದ ಒಳಗಿನ 'ಕರಡಿ ಮೂಗು', ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ 'ಅಣಬೆ ಬಂಡೆ', ಫಿಲ್ಮ್ ನಗರದ ಹತ್ತಿರದ 'ರಾಕ್ಷಸ ಬಂಡೆ', ಮೌಲಾಲಿ ಕಡೆಯ 'ಕಾವಲುಗಾರ', ದುರ್ಗಂ ಚೆರುವಿನ ಸುತ್ತಲಿನ ಗುಡ್ಡಗಳು. ಹೆಸರಿಟ್ಟ ಕಲ್ಲನ್ನು ಒಡೆಯುವುದು ಸ್ವಲ್ಪ ಕಷ್ಟ, ಸಾಕಿದ ಕೋಳಿಗೆ ಹೆಸರಿಟ್ಟಂತೆ.

ಪಟ್ಟಿಯಲ್ಲಿದ್ದರೆ ಸಾಕೇ ಎಂದರೆ, ಇಲ್ಲ. ವಿಶ್ವವಿದ್ಯಾಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ 2025ರ ಮಾರ್ಚ್ ಕೊನೆಗೆ ಯಂತ್ರಗಳು ಇಳಿದು ಮರ ಕಡಿದದ್ದು, ವಿದ್ಯಾರ್ಥಿಗಳು ಬೀದಿಗಿಳಿದದ್ದು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೆಲಸ ನಿಲ್ಲಿಸಿದ್ದು ನಮಗೆಲ್ಲ ನೆನಪಿದೆ. ಆಗ ಟಿವಿಯಲ್ಲಿ ಕಂಡದ್ದು ನವಿಲು, ಜಿಂಕೆ, ಮರ. ಕಲ್ಲಿನ ಮಾತು ಅಷ್ಟಾಗಿ ಬರಲಿಲ್ಲ. ಕಡಿದ ಮರದ ಜಾಗದಲ್ಲಿ ಇನ್ನೊಂದು ಬೆಳೆಸಬಹುದು. ಈ ಗುಂಡುಗಳಿಗೆ ಸಸಿ ಇಲ್ಲ.

ಫ್ಲ್ಯಾಟಿನಲ್ಲಿ ಒಂದು ಕಲ್ಲು

ಇಷ್ಟು ಓದಿದ ಮೇಲೆ ಒಂದು ಕಲ್ಲು ಇಟ್ಟುಕೊಳ್ಳೋಣ ಎನಿಸಿದರೆ ಕೆಲವು ಮಾತು. ಕಾಡಿನಿಂದ ತರಬೇಡಿ. ಭಾರತೀಯ ಅರಣ್ಯ ಕಾಯ್ದೆಯ 'ಅರಣ್ಯ ಉತ್ಪನ್ನ'ದೊಳಗೆ ಕಲ್ಲೂ ಸೇರಿದೆ. ಹಂಪಿಯಿಂದಂತೂ ಬೇಡವೇ ಬೇಡ. ಅಕ್ವೇರಿಯಂ ಅಂಗಡಿಗಳಲ್ಲಿ 'ಡ್ರ್ಯಾಗನ್ ಸ್ಟೋನ್', 'ಸೆಯ್‌ರ್ಯು ಸ್ಟೋನ್' ಎಂದು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಎರಡನೆಯ ಹೆಸರು ಜಪಾನಿನದಾದರೂ ಬಹುಪಾಲು ಬರುವುದು ಚೀನಾದ ಯಿಂಗ್ ಸುಣ್ಣದ ಕಲ್ಲು, ಅಂದರೆ ಆ ನಾಲ್ಕು ಪ್ರಸಿದ್ಧರಲ್ಲಿ ಒಂದರ ಬಡ ನೆಂಟ. ಮೀನಿನ ತೊಟ್ಟಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಮೇಜಿನ ಮೇಲೆ ಆ ಚಿಂತೆಯಿಲ್ಲ. ಸುಣ್ಣದ ಕಲ್ಲು ಹೌದೋ ಅಲ್ಲವೋ ನೋಡಲು ಬುಡದಲ್ಲಿ ಎರಡು ಹನಿ ವಿನಿಗರ್ ಬಿಡಿ, ಗುಳ್ಳೆ ಬಂದರೆ ಹೌದು. ಹಾಗಂತ ವಿನಿಗರಿನಲ್ಲಿ ತೊಳೆಯಬೇಡಿ. ಮೆತ್ತನೆಯ ಬ್ರಷ್ಷು, ನೀರು ಸಾಕು. ವಾರ್ನಿಷ್ ಬೇಡ.

ಪೀಠ ಎರಡು ಬಗೆ. ಒಂದು, ಕಲ್ಲಿನ ಬುಡಕ್ಕೆ ಸರಿಯಾಗಿ ಮರದಲ್ಲಿ ಕೊರೆದದ್ದು. ಹಲಗೆಯ ಮೇಲೆ ಕಲ್ಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ನಡುವೆ ಕಾರ್ಬನ್ ಕಾಗದ ಇಟ್ಟು ಒತ್ತಿ, ಗುರುತು ಬಿದ್ದಲ್ಲೆಲ್ಲ ಸ್ವಲ್ಪ ಸ್ವಲ್ಪ ಕೆತ್ತುತ್ತ ಹೋಗುವುದು. ತಾಳ್ಮೆ ಇರುವ ಬಡಗಿ ಸಿಕ್ಕರೆ ಪುಣ್ಯ. ಎರಡನೆಯದು ಜಪಾನೀಯರ ಮರಳಿನ ತಟ್ಟೆ. ಅದಕ್ಕೆ ದೂರ ಹೋಗಬೇಕಿಲ್ಲ, ಊರಿನಿಂದ ಬಂದ ಹಳೆಯ ಹರಿವಾಣ ಅಟ್ಟದ ಮೇಲೆ ಇದ್ದರೆ ಇಳಿಸಿ. ಜರಡಿ ಹಿಡಿದ ಮರಳು ಒಂದಿಂಚು ಹರಡಿ, ಕಲ್ಲನ್ನು ನಟ್ಟನಡುವೆ ಅಲ್ಲ, ಸ್ವಲ್ಪ ಒಂದು ಪಕ್ಕಕ್ಕೆ ಊರಿ. ಖಾಲಿ ಮರಳು ಆಗ ಹೊಳೆಯೋ ಬಯಲೋ ಆಗುತ್ತದೆ. ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಎತ್ತರ, ಹಿಂದೆ ಬರಿಗೋಡೆ, ಬೆಳಕು ಒಂದೇ ಪಕ್ಕದಿಂದ. ಎದುರಿನ ಬೆಳಕು ಸುಕ್ಕುಗಳನ್ನೆಲ್ಲ ಅಳಿಸಿಬಿಡುತ್ತದೆ. ಪಕ್ಕದಲ್ಲಿ ಫೋಟೋ, ಟ್ರೋಫಿ, ವೈಫೈ ಡಬ್ಬಿ ಇಡಬೇಡಿ. ತೂಕದ ಲೆಕ್ಕವೂ ಇರಲಿ. ಒಂದು ಲೀಟರ್ ನೀರಿನ ಗಾತ್ರದ ಕಲ್ಲು ಎರಡೂವರೆ ಕಿಲೋ ಮೀರುತ್ತದೆ, ಒಂದಡಿ ಘನದ ಗ್ರಾನೈಟು 75 ಕಿಲೋ ಹತ್ತಿರ. ಬಾಡಿಗೆ ಮನೆಯ ಗಾಜಿನ ಶೆಲ್ಫು ಅದನ್ನು ತಡೆಯದು.

ಇವೆಲ್ಲ ತಾಪತ್ರಯ ಎನಿಸಿದರೆ ಭಾನುವಾರ ಬೆಳಿಗ್ಗೆ ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿಗೆ ಹೋಗಿ. ವಾಕಿಂಗ್ ದಾರಿಯ ಆಚೆ ಬೇಕಾದಷ್ಟು ಬಂಡೆಗಳಿವೆ, ಪೀಠದ ಖರ್ಚಿಲ್ಲ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ನೀರು ಹರಿದ ಕಪ್ಪು ಗೆರೆಗಳು, ಒಣಗಿದ ಬಿಳಿ, ಕಲ್ಲುಹೂವಿನ ಹಸಿರು ಬೂದಿ ಬಣ್ಣ ಎಲ್ಲ ಎದ್ದು ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಒಂದೊಂದು ಬಂಡೆಗೂ ಹೆಸರಿಡಲು ಹೇಳಿ, ಕನ್ನಡದಲ್ಲೇ ಇಡಲಿ. ಕೂತ ಎಮ್ಮೆ, ಅಜ್ಜನ ಬೋಳುತಲೆ, ಬಿದ್ದ ಇಡ್ಲಿ. ಎಂಟು ಗಂಟೆಯ ಹೊತ್ತಿಗೆ ಬಿಸಿಲು ಓರೆಯಾಗಿರುತ್ತದೆ, ನೆರಳು ಉದ್ದ ಬೀಳುತ್ತದೆ.